ಕೊಳ್ಳುವ ಮೊದಲು ಕೆಟ್ಟ ದಿನದ ಲೆಕ್ಕ

ಕಚೇರಿಗೆ ಒಂದು ಸ್ಟೋರೇಜ್ ಆರಿಸಿಕೊಡಿ ಎಂದು ಯಾರಾದರೂ ಕೇಳಿದರೆ, ಎಷ್ಟು ಟೆರಾಬೈಟ್ ಬೇಕು ಎಂದು ನಾನು ಮೊದಲು ಕೇಳುವುದಿಲ್ಲ. ಎರಡೇ ಪ್ರಶ್ನೆ ಕೇಳುತ್ತೇನೆ. ಇದು ಕೆಟ್ಟು ನಿಂತರೆ ಎಷ್ಟು ಗಂಟೆಯೊಳಗೆ ಕೆಲಸ ಮತ್ತೆ ಶುರುವಾಗಬೇಕು? ಎಷ್ಟು ಹೊತ್ತಿನ ಕೆಲಸ ಹೋದರೆ ತಡೆದುಕೊಳ್ಳುತ್ತೀರಿ? ಇವೆರಡಕ್ಕೆ ಉತ್ತರ ಸಿಗುವ ತನಕ ಯಾರ ಕೊಟೇಶನ್ನನ್ನೂ ಬಿಚ್ಚಿ ನೋಡುವುದಿಲ್ಲ.

ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ಮಾಲೀಕರು, ‘ಒಂದು ದಿನ ನಿಂತರೆ ಏನೂ ಆಗಲ್ಲ’ ಎಂದರು. ಪಕ್ಕದಲ್ಲಿ ಲೆಕ್ಕಪತ್ರ ನೋಡುವ ಮೇಡಂ ಕೂತಿದ್ದರು. ‘ಆ ಒಂದು ದಿನ ಸಂಬಳದ ದಿನ ಆದ್ರೆ, ಸರ್?’ ಎಂದು ಕೇಳಿದರು. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಲೆಕ್ಕದ ಡೇಟಾ ಚಿಕ್ಕದು, ಆದರೆ ಗಂಟೆಗಳಲ್ಲಿ ವಾಪಸ್ ಬರಬೇಕು. ಈಗ ನಡೆಯುತ್ತಿರುವ ನಕ್ಷೆಗಳು ಅದೇ ದಿನ ಬರಬೇಕು. ಮುಗಿದ ಕೆಲಸದ ಹಳೆಯ ನಕ್ಷೆಗಳೇ ಜಾಗದ ಮುಕ್ಕಾಲು ಪಾಲು ತಿನ್ನುತ್ತಿದ್ದವು. ಅವು ಎರಡು ದಿನ ತಡವಾದರೂ ಯಾರಿಗೂ ತೊಂದರೆ ಇಲ್ಲ. ಎಲ್ಲವನ್ನೂ ಒಂದೇ ದುಬಾರಿ ಸ್ಟೋರೇಜಿನಲ್ಲಿ ಇಡಬೇಕೆಂದು ಅವರು ಹೊರಟಿದ್ದರು. ಮೂರು ಪಾಲು ಮಾಡಿದ ಮೇಲೆ ಕೊಳ್ಳಬೇಕಾದ ಸಾಮಾನೇ ಬದಲಾಯಿತು.

ವಾಪಸ್ ತರಲು ಎಷ್ಟು ಹೊತ್ತು ಬೇಕು ಎಂಬುದು ಸರಳ ಗುಣಾಕಾರ, ಭಾಗಾಕಾರ. 1 ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಒಂದು ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹರಿಯುತ್ತದೆ. 10 ಟೆರಾಬೈಟ್ ತರಬೇಕೆಂದರೆ 25 ಗಂಟೆ. ಅದೇ 10 ಟೆರಾಬೈಟನ್ನು ಕ್ಲೌಡ್‌ನಿಂದ 100 ಮೆಗಾಬಿಟ್ ಇಂಟರ್ನೆಟ್ ಲೈನಿನಲ್ಲಿ ಇಳಿಸಿಕೊಳ್ಳಬೇಕೆಂದರೆ, ಲೈನ್ ಪೂರ್ತಿ ನಮಗೇ ಸಿಕ್ಕರೂ 9 ದಿನ ದಾಟುತ್ತದೆ. ‘ನಮ್ಮದೆಲ್ಲ ಕ್ಲೌಡ್‌ನಲ್ಲಿ ಬ್ಯಾಕಪ್ ಇದೆ’ ಎನ್ನುವವರಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಕ್ಲೌಡ್ ಬೇಡ ಎಂದಲ್ಲ, ಖಂಡಿತ ಬೇಕು. ಆದರೆ ಬೇಗ ಎದ್ದು ನಿಲ್ಲಬೇಕೆಂದರೆ ಕೈಗೆಟಕುವ ಒಂದು ಪ್ರತಿ ಕಚೇರಿಯಲ್ಲೇ ಇರಬೇಕು. ಸ್ಟೋರೇಜ್ ಕೊಳ್ಳುವಾಗ 10 ಗಿಗಾಬಿಟ್ ಪೋರ್ಟ್ ಇದೆಯಾ, ಇಲ್ಲದಿದ್ದರೆ ಆಮೇಲೆ ಕಾರ್ಡ್ ಹಾಕಬಹುದಾ ಎಂದು ನೋಡುವುದು ಇದಕ್ಕೇ. ದಿನದ ಕೆಲಸಕ್ಕೆ ಅಷ್ಟು ವೇಗ ಬೇಡದಿರಬಹುದು. ಡೇಟಾ ವಾಪಸ್ ತರುವ ದಿನ ಬೇಕಾಗುತ್ತದೆ.

ಈಗ ಡಿಸ್ಕ್‌ಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ರೇಡ್ ಎಂಬುದು 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಬರೆದ ಪ್ರಬಂಧದಿಂದ ಹೆಸರಾದ ವಿಚಾರ. ಒಂದು ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಒಂದು ಹೋದರೂ ಕೆಲಸ ನಡೆಯುವಂತೆ ಮಾಡುವುದು. ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಯಾರೋ ಒಂದು ಫೋಲ್ಡರ್ ಅಳಿಸಿದರೆ ಅದೇ ಕ್ಷಣ ಎಲ್ಲ ಡಿಸ್ಕ್‌ಗಳಿಂದಲೂ ಅಳಿಯುತ್ತದೆ. ರೇಡ್ ಇದೆ ಅಂತ ಬ್ಯಾಕಪ್ ಬಿಡುವಂತಿಲ್ಲ.

ಡಿಸ್ಕ್‌ಗಳು ದೊಡ್ಡದಾದ ಹಾಗೆ ರೇಡ್ 5ರ ಮೇಲೆ ನನ್ನ ನಂಬಿಕೆ ಕಡಿಮೆಯಾಗಿದೆ. ಅದು ಒಂದು ಡಿಸ್ಕ್ ಹೋದರೆ ಮಾತ್ರ ತಡೆಯುತ್ತದೆ. 16 ಟೆರಾಬೈಟಿನ ಡಿಸ್ಕ್ ಹೋಗಿ ಹೊಸದು ಹಾಕಿದಿರಿ ಎಂದುಕೊಳ್ಳಿ. ಸೆಕೆಂಡಿಗೆ 200 ಮೆಗಾಬೈಟ್‌ನಂತೆ ಬರೆದರೂ ಅದು ತುಂಬಲು 22 ಗಂಟೆ. ಜನ ಕೆಲಸ ಮಾಡುತ್ತಿರುವಾಗ ಅಷ್ಟು ವೇಗ ಸಿಗುವುದಿಲ್ಲ, ದಿನಗಳೇ ಹಿಡಿಯಬಹುದು. ಅಷ್ಟು ಹೊತ್ತೂ ಉಳಿದ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಲೇ ಇರಬೇಕು. ಅವೂ ಅದೇ ವಯಸ್ಸಿನವು, ಅದೇ ಬಿಸಿಯಲ್ಲಿ ಓಡಿದವು. ಸಾಮಾನ್ಯ ಡಿಸ್ಕ್‌ಗಳ ಡೇಟಾಶೀಟಿನಲ್ಲಿ ಒಂದು ಕೋಟಿ ಕೋಟಿ (1ರ ಮುಂದೆ 14 ಸೊನ್ನೆ) ಬಿಟ್ ಓದಿದರೆ ಒಂದು ಕಡೆ ಓದಲಾಗದ ತಪ್ಪು ಬರಬಹುದು ಎಂದಿರುತ್ತದೆ. ಕೇಳಲು ದೊಡ್ಡ ಸಂಖ್ಯೆ, ಆದರೆ ಅದು 12.5 ಟೆರಾಬೈಟ್ ಮಾತ್ರ. ಸರ್ವರ್‌ಗೆಂದು ಮಾಡಿದ ಡಿಸ್ಕ್‌ಗಳಲ್ಲಿ ಇದರ ಹತ್ತರಷ್ಟು ಭರವಸೆ ಕೊಡುತ್ತಾರೆ. ನಿಜದಲ್ಲಿ ಡಿಸ್ಕ್‌ಗಳು ಈ ಸಂಖ್ಯೆಗಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ಒಂದು ಕಂಪನಿಯ ಪೂರ್ತಿ ದಾಖಲೆ ಅದರ ಮೇಲೆ ಕೂತಿರುವಾಗ ನಾನು ಎರಡು ಡಿಸ್ಕ್ ಹೋದರೂ ತಡೆಯುವ ರೇಡ್ 6 ಅಥವಾ ಜೋಡಿ ಪ್ರತಿಯ ರೇಡ್ 10 ಎಂದೇ ಹೇಳುತ್ತೇನೆ. ಜಾಗ ಕಡಿಮೆ ಸಿಗುತ್ತದೆ. ಸಿಗಲಿ.

ಡಿಸ್ಕ್ ಕೊಳ್ಳುವಾಗ ಮಾಡೆಲ್ ನಂಬರ್ ಪೂರ್ತಿ ಓದಿ. ಸಿಎಂಆರ್, ಎಸ್‌ಎಂಆರ್ ಎಂದು ಎರಡು ಬಗೆ ಇವೆ. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಸಾಲುಗಳು ಒಂದರ ಮೇಲೊಂದು ಬರುವುದಿಲ್ಲ. ಎಸ್‌ಎಂಆರ್‌ನಲ್ಲಿ ಹೆಂಚು ಹೊದಿಸಿದ ಹಾಗೆ ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಕೂತಿರುತ್ತದೆ. ಮಧ್ಯದ ಒಂದು ಸಾಲು ಬದಲಿಸಬೇಕೆಂದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಕಡತ ಸುಮ್ನೆ ಇಟ್ಟುಕೊಳ್ಳಲು ಪರವಾಗಿಲ್ಲ, ರೇಡ್‌ನಲ್ಲಿ ಹಾಕಿದರೆ ಹೊಸ ಡಿಸ್ಕ್ ತುಂಬುವಾಗ ವಿಪರೀತ ನಿಧಾನವಾಗುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ನಾಸ್‌ಗೆಂದೇ (ಜಾಲಕ್ಕೆ ಸೇರಿಸಿ ಎಲ್ಲರೂ ಬಳಸುವ ಸ್ಟೋರೇಜ್ ಡಬ್ಬಿ) ಮಾರುವ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ ಹೇಳದೆಯೇ ಎಸ್‌ಎಂಆರ್ ಬಳಸಿದೆ ಎಂದು ಗ್ರಾಹಕರು ಕಂಡುಹಿಡಿದರು. ಗಲಾಟೆಯಾದ ಮೇಲೆ ಯಾವ ಮಾಡೆಲ್ ಯಾವ ಬಗೆ ಎಂಬ ಪಟ್ಟಿಯನ್ನು ಕಂಪನಿ ಹೊರಗೆ ಹಾಕಿತು. ಸಿಎಂಆರ್ ಬಗೆಗೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು. ಕೊಟೇಶನ್‌ನಲ್ಲಿ ಬರೀ ‘8 ಟಿಬಿ ನಾಸ್ ಡಿಸ್ಕ್’ ಎಂದಿದ್ದರೆ ನಾನು ವಾಪಸ್ ಕಳಿಸುತ್ತೇನೆ. ಪೂರ್ತಿ ಮಾಡೆಲ್ ನಂಬರ್ ಬರೆದು ಕೊಡಲಿ.

ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ಬಗೆಯ ಅಪಾಯ. 2019ರ ನವೆಂಬರ್‌ನಲ್ಲಿ ಸರ್ವರ್ ಮಾರುವ ಎಚ್‌ಪಿಇ ಕಂಪನಿ ತನ್ನ ಗ್ರಾಹಕರಿಗೆ ಒಂದು ಸೂಚನೆ ಕೊಟ್ಟಿತು. ಸರ್ವರ್‌ಗೆ ಹಾಕುವ ಅದರ ಕೆಲವು ಎಸ್‌ಎಎಸ್ ಬಗೆಯ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಸತ್ತೇ ಹೋಗುತ್ತವೆ, ಒಳಗಿನ ಡೇಟಾ ಕೂಡ ಸಿಗುವುದಿಲ್ಲ, ಅಷ್ಟರೊಳಗೆ ಫರ್ಮ್‌ವೇರ್ (ಡಿಸ್ಕಿನ ಒಳಗೇ ಇರುವ ತಂತ್ರಾಂಶ) ಬದಲಿಸಿ ಎಂದು. ಲೆಕ್ಕ ಹಾಕಿದರೆ 3 ವರ್ಷ 270 ದಿನ 8 ಗಂಟೆ. ಒಂದೇ ದಿನ ಚಾಲೂ ಮಾಡಿದ ಡಿಸ್ಕ್‌ಗಳು ಒಂದೇ ಹೊತ್ತಿಗೆ ಹೋಗುತ್ತವೆ ಎಂದಾಯಿತು. ರೇಡ್ 6 ಅಲ್ಲ, ಯಾವ ರೇಡ್ ಕೂಡ ಇದಕ್ಕೆ ಉತ್ತರವಲ್ಲ. ಇದನ್ನು ಓದಿದ ಮೇಲೆ, ಡಿಸ್ಕ್‌ಗಳ ಫರ್ಮ್‌ವೇರ್ ಯಾರು ನೋಡಿಕೊಳ್ಳುತ್ತಾರೆ ಎಂಬ ಸಾಲನ್ನು ನಾನು ಸಪೋರ್ಟ್ ಒಪ್ಪಂದದಲ್ಲಿ ಸೇರಿಸಿಯೇ ಸೇರಿಸುತ್ತೇನೆ. ಬ್ಯಾಕಪ್ ಡಬ್ಬಿಗೆ ಬೇರೆ ಬ್ಯಾಚಿನ, ಸಾಧ್ಯವಾದರೆ ಬೇರೆ ಕಂಪನಿಯ ಡಿಸ್ಕ್ ಹಾಕಿಸುತ್ತೇನೆ. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಬರಹವನ್ನು ಉಳಿಸುವ ಕೆಪಾಸಿಟರ್ ಇರುವ ಎಸ್‌ಎಸ್‌ಡಿಯನ್ನೇ ಸರ್ವರ್‌ಗೆ ತೆಗೆದುಕೊಳ್ಳಿ. ಮನೆ ಲ್ಯಾಪ್‌ಟಾಪಿನದ್ದು ಬೇಡ.

ಡಬ್ಬಿ ಯಾವ ಕಂಪನಿಯದು ಎಂಬುದರ ಜೊತೆಗೆ ಅದು ಯಾರ ಡಿಸ್ಕ್ ಒಪ್ಪುತ್ತದೆ ಎಂದೂ ಕೇಳಬೇಕು. 2025ರಲ್ಲಿ ನಾಸ್ ಮಾರುವ ಸಿನಾಲಜಿ ಕಂಪನಿ ತನ್ನ ಹೊಸ ಪ್ಲಸ್ ಸರಣಿಯಲ್ಲಿ ತಾನು ಒಪ್ಪಿದ ಡಿಸ್ಕ್‌ಗಳನ್ನೇ ಹಾಕಬೇಕು ಎಂಬ ನಿಯಮ ತಂದಿತು. ಜನ ವಿರೋಧಿಸಿದರು. ಅದೇ ವರ್ಷ ನಿಯಮ ಸಡಿಲಿಸಿತು. ಒಂದು ಡಿಸ್ಕ್ ಹೋದಾಗ ಪಕ್ಕದ ಅಂಗಡಿಯಲ್ಲಿ ಸಿಗುವುದನ್ನು ಹಾಕಿ ಮುಂದೆ ಹೋಗಬಹುದಾ, ಇಲ್ಲ ವಾರ ಕಾಯಬೇಕಾ ಎಂಬುದು ಇಂಥ ನಿಯಮದಿಂದಲೇ ತೀರ್ಮಾನವಾಗುತ್ತದೆ.

ಬ್ಯಾಕಪ್‌ಗೆ ಬರೋಣ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ನಿಯಮ ಇಂದಿಗೂ ಒಳ್ಳೆಯ ಅಳತೆಗೋಲು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಎಂದರೆ ನಿಜವಾಗಿ ಬೇರೆ ಜಾಗ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟುಕೊಂಡಿದ್ದವರಿಗೆ ಎರಡೂ ಹೋದವು.

ಈಗ ಇದಕ್ಕೆ ಇನ್ನೊಂದು ಸೇರಿಸಬೇಕು. ಯಾರೂ ಅಳಿಸಲಾಗದ, ಅಥವಾ ನೆಟ್‌ವರ್ಕ್‌ಗೆ ಸಿಗದ ಒಂದು ಪ್ರತಿ. ಡೇಟಾಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ನಡೆಸುವವರು ಒಳಗೆ ಬಂದರೆ ಮೊದಲು ಹುಡುಕುವುದೇ ಬ್ಯಾಕಪ್ಪನ್ನು. 2017ರ ಜೂನ್ 27ರಂದು ನಾಟ್‌ಪೆಟ್ಯಾ ದಾಳಿಯಲ್ಲಿ ಹಡಗು ಕಂಪನಿ ಮರ್ಸ್ಕ್‌ನ ಜಾಲವೆಲ್ಲ ಕೆಲವೇ ಗಂಟೆಗಳಲ್ಲಿ ಹಾಳಾಯಿತು. ಯಾರು ಯಾವ ಗಣಕಕ್ಕೆ ಲಾಗಿನ್ ಆಗಬಹುದು ಎಂಬ ಮಾಹಿತಿ ಇಡುವ ಡೊಮೇನ್ ಕಂಟ್ರೋಲರ್‌ಗಳು ಒಂದರ ಪ್ರತಿಯನ್ನು ಒಂದು ಇಟ್ಟುಕೊಳ್ಳುತ್ತಿದ್ದವು. ಹಾಗಾಗಿ ಎಲ್ಲವೂ ಒಟ್ಟಿಗೆ ಹೋದವು. ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಮಾತ್ರ ಉಳಿಯಿತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಹೊರಗಿತ್ತು. ಅದರಿಂದಲೇ ಮತ್ತೆ ಕಟ್ಟಿದರು. 4,000 ಸರ್ವರ್, 45,000 ಪಿಸಿಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಸಿದ್ಧಮಾಡಿದೆವು ಎಂದು ಕಂಪನಿಯ ಅಧ್ಯಕ್ಷರು ಆಮೇಲೆ ಹೇಳಿದರು. ಅವರಿಗೆ ಅದೃಷ್ಟದಿಂದ ಸಿಕ್ಕಿದ್ದನ್ನು ನಾವು ಬೇಕೆಂದೇ ಮಾಡಿಟ್ಟುಕೊಳ್ಳಬಹುದು. ಡೇಟಾ ಜಾಸ್ತಿ ಇದ್ದರೆ ಟೇಪ್ ಇವತ್ತಿಗೂ ಒಳ್ಳೆಯದು. ಎಲ್‌ಟಿಒ-9 ಟೇಪ್ ಒಂದರಲ್ಲಿ 18 ಟೆರಾಬೈಟ್ ಹಿಡಿಯುತ್ತದೆ, ಹೊರತೆಗೆದು ಬೀರುವಿನಲ್ಲಿಟ್ಟರೆ ಯಾವ ಹ್ಯಾಕರ್ ಕೈಗೂ ಸಿಗುವುದಿಲ್ಲ. ಚಿಕ್ಕ ಕಚೇರಿಗೆ ಸರದಿಯಲ್ಲಿ ಬದಲಿಸುವ ಎರಡು ಡಿಸ್ಕ್ ಸಾಕು. ಕ್ಲೌಡ್ ಆದರೆ ಇಂತಿಷ್ಟು ದಿನ ಅಡ್ಮಿನ್ ಕೂಡ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯ ಇದೆಯಾ ನೋಡಿ.

ನಾಸ್‌ಗಳಲ್ಲಿ ಸ್ನ್ಯಾಪ್‌ಶಾಟ್ ಇರುತ್ತದೆ. ಯಾರೋ ಫೈಲ್ ಹಾಳುಮಾಡಿದರೆ ಒಂದು ಗಂಟೆ ಹಿಂದಿನ ಸ್ಥಿತಿಗೆ ಹೋಗಬಹುದು. ನನಗೆ ತುಂಬಾ ಇಷ್ಟವಾದ ಸೌಲಭ್ಯ. ಆದರೆ ಅಡ್ಮಿನ್ ಪಾಸ್‌ವರ್ಡ್ ಕದ್ದವರು ಸ್ನ್ಯಾಪ್‌ಶಾಟನ್ನೂ ಅಳಿಸಬಹುದು. ನಾಸ್‌ನ ಅಡ್ಮಿನ್ ಪುಟವನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ ಎಂದು ನಾನು ಪಟ್ಟು ಹಿಡಿಯುವುದು ಸುಮ್ನೆ ಅಲ್ಲ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿಗಳು ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ನಾಸ್‌ಗಳನ್ನು ಹುಡುಕಿ ಹುಡುಕಿ ಬೀಗ ಹಾಕಿದವು. 2021ರ ಜೂನ್‌ನಲ್ಲಿ ಮೈ ಬುಕ್ ಲೈವ್ ಎಂಬ ಹಳೆಯ ಡಬ್ಬಿ ಇಟ್ಟುಕೊಂಡಿದ್ದವರು ಬೆಳಿಗ್ಗೆ ಎದ್ದು ನೋಡಿದರೆ ವರ್ಷಗಳ ಫೈಲ್‌ಗಳೆಲ್ಲ ಖಾಲಿ. ಯಾರೋ ದೂರದಿಂದಲೇ ಫ್ಯಾಕ್ಟರಿ ರಿಸೆಟ್ ಮಾಡಿದ್ದರು. ಆ ಡಬ್ಬಿಗೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. ಡಿಸ್ಕ್ ಚೆನ್ನಾಗಿಯೇ ತಿರುಗುತ್ತಿತ್ತು, ಅದನ್ನು ಕಾಯುವವರು ಇರಲಿಲ್ಲ.

ಇಂಟರ್ನೆಟ್‌ಗೂ ಕಚೇರಿಯ ಜಾಲಕ್ಕೂ ನಡುವೆ ಬಾಗಿಲು ಕಾಯುವ ಫೈರ್‌ವಾಲ್ ಆರಿಸುವಾಗಲೂ ನನ್ನ ಯೋಚನೆ ಇದೇ ದಾರಿಯಲ್ಲಿ ಹೋಗುತ್ತದೆ. ಜನ ಮೊದಲು ನೋಡುವುದು ವೇಗ. ಡೇಟಾಶೀಟಿನ ಮೊದಲ ಸಾಲಿನ ದೊಡ್ಡ ಸಂಖ್ಯೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದು ದೊಡ್ಡ ದೊಡ್ಡ ಪ್ಯಾಕೆಟ್ ಕಳಿಸಿ, ಒಳಗಿನ ಪರೀಕ್ಷೆಗಳನ್ನೆಲ್ಲ ಆಫ್ ಮಾಡಿ ಅಳೆದದ್ದು. ಕೆಳಗೆ ‘ಥ್ರೆಟ್ ಪ್ರೊಟೆಕ್ಷನ್’ ಎಂಬ ಸಾಲಿರುತ್ತದೆ. ದಾಳಿ ಪತ್ತೆ, ಆ್ಯಪ್ ನಿಯಂತ್ರಣ, ವೈರಸ್ ತಪಾಸಣೆ ಎಲ್ಲ ಆನ್ ಇದ್ದಾಗಿನ ವೇಗ. ಅದು ಮೊದಲ ಸಾಲಿಗಿಂತ ಬಹಳ ಕಡಿಮೆ ಇರುತ್ತದೆ. ಅದನ್ನೇ ನಿಮ್ಮ ಇಂಟರ್ನೆಟ್ ಲೈನಿನ ವೇಗದ ಜೊತೆ ಹೋಲಿಸಿ, ಇನ್ನು ಕೆಲವು ವರ್ಷದ ಬೆಳವಣಿಗೆಗೆ ಜಾಗ ಬಿಡಿ.

ಎಚ್‌ಟಿಟಿಪಿಎಸ್ ಬಿಚ್ಚಿ ನೋಡುವ ಸೌಲಭ್ಯ ಬೇಕಾ ಎಂಬುದು ಬೇರೆ ಪ್ರಶ್ನೆ. ಇವತ್ತು ಜಾಲದಲ್ಲಿ ಓಡಾಡುವ ಹೆಚ್ಚಿನ ಪುಟಗಳು ಬೀಗ ಹಾಕಿಕೊಂಡೇ ಬರುತ್ತವೆ, ಬಿಚ್ಚದಿದ್ದರೆ ಫೈರ್‌ವಾಲ್‌ಗೆ ಒಳಗೇನಿದೆ ಗೊತ್ತಾಗುವುದಿಲ್ಲ. ಬಿಚ್ಚಬೇಕೆಂದರೆ ಪ್ರತಿ ಗಣಕದಲ್ಲೂ ಸರ್ಟಿಫಿಕೇಟ್ ಕೂರಿಸಬೇಕು. ಬ್ಯಾಂಕ್, ಆಸ್ಪತ್ರೆಯಂಥ ಪುಟಗಳನ್ನು ಹೊರಗಿಡಬೇಕು. ಕೆಲಸ ಮಾಡುವವರಿಗೆ ಮೊದಲೇ ಹೇಳಬೇಕು. ಕೆಲವು ಆ್ಯಪ್‌ಗಳು ಮುರಿಯುತ್ತವೆ, ಅವನ್ನು ಸರಿಪಡಿಸುತ್ತಾ ಇರಬೇಕು. ಇದಕ್ಕೆಂದೇ ಒಬ್ಬರು ಇಲ್ಲದ ಕಚೇರಿಗೆ ನಾನು ಬೇಡ ಎನ್ನುತ್ತೇನೆ. ಆ ಹಣದಲ್ಲಿ ಪ್ರತಿ ಗಣಕಕ್ಕೆ ಒಳ್ಳೆಯ ರಕ್ಷಣೆ, ಕೆಟ್ಟ ಜಾಲತಾಣಗಳನ್ನು ಹೆಸರಿನಿಂದಲೇ ತಡೆಯುವ ಡಿಎನ್‌ಎಸ್ ಫಿಲ್ಟರ್, ಎಲ್ಲ ಲಾಗಿನ್‌ಗಳಿಗೂ ಎರಡನೇ ಹಂತದ ಪರಿಶೀಲನೆ ಮಾಡಿಸಿಕೊಳ್ಳಿ. ಈ ಕೊನೆಯದನ್ನಂತೂ ಬಿಡಲೇಬೇಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಇಂಧನ ಸಾಗಣೆ ನಿಲ್ಲಿಸಬೇಕಾಗಿ ಬಂತು. ದಾಳಿಕೋರರು ಒಳಗೆ ಬಂದದ್ದು ಒಂದು ಹಳೆಯ ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲಕ್ಕೆ ಬರುವ ದಾರಿ) ಖಾತೆಯಿಂದ. ಅದಕ್ಕೆ ಬರೀ ಪಾಸ್‌ವರ್ಡ್ ಇತ್ತು, ಎರಡನೇ ಹಂತ ಇರಲಿಲ್ಲ.

ಈಗ ಬಾಗಿಲು ಕಾಯುವ ಡಬ್ಬಿಯ ಮೇಲೇ ದಾಳಿ ನಡೆಯುತ್ತಿದೆ. ನನಗೆ ಇದು ಎಲ್ಲಕ್ಕಿಂತ ಹೆಚ್ಚು ಚಿಂತೆಯ ವಿಷಯ. 2023ರಲ್ಲಿ ಬಾರಾಕುಡಾ ಕಂಪನಿ ತನ್ನ ಇಮೇಲ್ ಭದ್ರತೆಯ ಡಬ್ಬಿಗಳಲ್ಲಿ ದೋಷವಿದೆ ಎಂದು ಮೇ ತಿಂಗಳಲ್ಲಿ ಕಂಡುಕೊಂಡಿತು. ಹಿಂದಿನ ಅಕ್ಟೋಬರ್‌ನಿಂದಲೇ ಅದರ ಮೂಲಕ ಒಳಗೆ ನುಗ್ಗುತ್ತಿದ್ದರು. ಜೂನ್‌ನಲ್ಲಿ ಕಂಪನಿ, ದಾಳಿಗೆ ಸಿಕ್ಕ ಡಬ್ಬಿಗೆ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕಿದ್ದರೂ ಸಾಲದು, ಡಬ್ಬಿಯನ್ನೇ ಬದಲಿಸಿ ಎಂದಿತು. 2024ರ ಆರಂಭದಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ, ಇವಾಂಟಿಯ ವಿಪಿಎನ್ ಸಾಮಾನನ್ನು 48 ಗಂಟೆಯೊಳಗೆ ಜಾಲದಿಂದ ಕಳಚಿ ಎಂದು ಸರ್ಕಾರಿ ಕಚೇರಿಗಳಿಗೆ ಆದೇಶಿಸಿತು. ಫೋರ್ಟಿನೆಟ್‌ನ ವಿಪಿಎನ್‌ನಲ್ಲಿದ್ದ ಒಂದು ದೋಷಕ್ಕೆ 2019ರಲ್ಲೇ ಪ್ಯಾಚ್ ಬಂದಿತ್ತು. ಆದರೂ 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 87,000 ಡಬ್ಬಿಗಳ ಪಾಸ್‌ವರ್ಡ್‌ಗಳು ಹೊರಬಿದ್ದವು. ಪ್ಯಾಚ್ ಹಾಕಿಯೂ ಪಾಸ್‌ವರ್ಡ್ ಬದಲಿಸದವರು ಅಪಾಯದಲ್ಲೇ ಉಳಿದಿದ್ದರು.

ಹಾಗಾದರೆ ಯಾವ ಬ್ರ್ಯಾಂಡ್ ಕೊಳ್ಳಬೇಕು? ದೋಷವೇ ಇಲ್ಲದ ಬ್ರ್ಯಾಂಡ್ ಹುಡುಕಿದರೆ ಸಿಗುವುದಿಲ್ಲ. ನಿಜವಾಗಿ ದಾಳಿಗೆ ಬಳಕೆಯಾದ ದೋಷಗಳ ಪಟ್ಟಿಯನ್ನು ಸೀಸಾ 2021ರ ನವೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಹೆಸರಾಂತ ಕಂಪನಿಗಳೆಲ್ಲ ಅದರಲ್ಲಿವೆ. ನಾನು ಬೇರೆ ವಿಷಯ ನೋಡುತ್ತೇನೆ. ದೋಷ ಸಿಕ್ಕಾಗ ಕಂಪನಿ ಸ್ಪಷ್ಟವಾಗಿ ಹೇಳಿತಾ, ಇಲ್ಲ ಮುಚ್ಚಿಟ್ಟಿತಾ? ಪ್ಯಾಚ್ ಎಷ್ಟು ದಿನದಲ್ಲಿ ಬಂತು? ರಾತ್ರಿ ತಾನೇ ಅಪ್‌ಡೇಟ್ ಆಗುವ ವ್ಯವಸ್ಥೆ ಇದೆಯಾ? ಈ ಮಾಡೆಲ್‌ಗೆ ಅಪ್‌ಡೇಟ್ ನಿಲ್ಲುವ ತಾರೀಕು ಯಾವುದು? ಕಡಿಮೆ ಬೆಲೆಗೆ ಸಿಗುವ ಮಾಡೆಲ್ ಎರಡು ವರ್ಷದಲ್ಲಿ ಕೊನೆಯಾಗುವುದಾದರೆ ಅದು ಕಡಿಮೆ ಬೆಲೆಯಲ್ಲ. ಲೈಸೆನ್ಸ್ ಮುಗಿದ ಮರುದಿನ ಏನಾಗುತ್ತದೆ ಎಂದೂ ಬರಹದಲ್ಲಿ ಕೇಳಿ. ಕೆಲವಲ್ಲಿ ದಾಳಿ ಪತ್ತೆಯ ಹೊಸ ಮಾಹಿತಿ ಬರುವುದು ಮಾತ್ರ ನಿಲ್ಲುತ್ತದೆ. ಕ್ಲೌಡ್‌ನಿಂದ ನಡೆಯುವ ಕೆಲವು ಸಾಮಾನುಗಳಲ್ಲಿ ಸ್ವಲ್ಪ ದಿನದ ಗಡುವಿನ ನಂತರ ಇಂಟರ್ನೆಟ್ಟೇ ನಿಲ್ಲುತ್ತದೆ. ಐದು ವರ್ಷದ ಒಟ್ಟು ಖರ್ಚನ್ನು ಒಂದೇ ಸಾಲಿನಲ್ಲಿ ಬರೆಸಿಕೊಂಡರೆ ಯಾವುದು ದುಬಾರಿ ಎಂದು ಗೊತ್ತಾಗುತ್ತದೆ.

ಹಣ ಕಡಿಮೆ ಇದ್ದಾಗ, ದೊಡ್ಡ ಫೈರ್‌ವಾಲ್‌ಗಿಂತ ಸಾಧಾರಣ ಫೈರ್‌ವಾಲ್ ಮತ್ತು ವಿಎಲ್ಯಾನ್ ಮಾಡಬಲ್ಲ, ಅಂದರೆ ಒಂದೇ ಜಾಲವನ್ನು ಬೇರೆ ಬೇರೆ ಪಾಲು ಮಾಡಬಲ್ಲ ಸ್ವಿಚ್ ಕೊಳ್ಳಿ ಎಂದು ಹೇಳುತ್ತೇನೆ. ಕ್ಯಾಮೆರಾ ಒಂದು ಕಡೆ, ಪ್ರಿಂಟರ್ ಒಂದು ಕಡೆ, ಅತಿಥಿಗಳ ವೈಫೈ ಬೇರೆ, ಲೆಕ್ಕಪತ್ರ ಬೇರೆ, ಬ್ಯಾಕಪ್ ಎಲ್ಲದರಿಂದ ದೂರ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ 4 ಕೋಟಿ ಕಾರ್ಡುಗಳ ವಿವರ ಕಳುವಾದಾಗ, ಕಳ್ಳರು ಮೊದಲು ಕಾಲಿಟ್ಟದ್ದು ಎಸಿ, ಶೈತ್ಯ ವ್ಯವಸ್ಥೆ ನೋಡಿಕೊಳ್ಳುವ ಗುತ್ತಿಗೆದಾರರ ಲಾಗಿನ್‌ನಿಂದ. ಅಲ್ಲಿಂದ ಬಿಲ್ಲಿಂಗ್ ಯಂತ್ರಗಳವರೆಗೆ ದಾರಿ ಇತ್ತು. ಸ್ವಿಚ್ ಕೊಳ್ಳುವಾಗ ಇನ್ನೊಂದು ಮಾತು. ಕ್ಯಾಮೆರಾ, ವೈಫೈಗೆ ಅದೇ ಕೇಬಲ್‌ನಲ್ಲಿ ವಿದ್ಯುತ್ ಕೊಡುವುದಾದರೆ ಒಟ್ಟು ವ್ಯಾಟ್ ನೋಡಿ. 24 ಪೋರ್ಟ್‌ಗೂ 30 ವ್ಯಾಟ್ ಬೇಕೆಂದರೆ 720 ವ್ಯಾಟ್. ಅದರ ಅರ್ಧ ಮಾತ್ರ ಕೊಡುವ ಸ್ವಿಚ್‌ಗಳೇ ಜಾಸ್ತಿ. ಯುಪಿಎಸ್ ಇರಲಿ, ಅದರ ಯುಎಸ್‌ಬಿ ಕೇಬಲ್ ನಾಸ್‌ಗೆ ಸೇರಿರಲಿ. ಬ್ಯಾಟರಿ ಮುಗಿಯುವ ಮೊದಲು ನಾಸ್ ತಾನೇ ಸರಿಯಾಗಿ ಬಂದ್ ಆಗಬೇಕು.

ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಬಗ್ಗೆ ನನಗೆ ಗೌರವವಿದೆ. 2017ರ ಜನವರಿ 31ರಂದು ಅವರ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಹುಡುಕಿದರೆ, ಕ್ಲೌಡ್‌ಗೆ ದಿನವೂ ಹೋಗಬೇಕಿದ್ದದ್ದು ಹೋಗಿರಲೇ ಇಲ್ಲ. ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸುಮ್ಮನೆ ಸೋಲುತ್ತಿತ್ತು. ಸೋತ ಸುದ್ದಿ ಹೊತ್ತ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಪರೀಕ್ಷೆಗೆಂದು ಆರು ಗಂಟೆ ಮೊದಲು ಕೈಯಾರೆ ಮಾಡಿಟ್ಟಿದ್ದ ಒಂದು ಪ್ರತಿಯಿಂದ ಎದ್ದರು. ಇಷ್ಟನ್ನೂ ಅವರು ಎಲ್ಲರೂ ಓದುವಂತೆ ಬರೆದಿಟ್ಟರು.

ಅದಕ್ಕೇ ಸಾಮಾನು ಬಂದ ದಿನ ನಾನು ಸಹಿ ಹಾಕಿಸುವುದಿಲ್ಲ. ಮಾರಿದವರ ಎಂಜಿನಿಯರ್ ಎದುರಲ್ಲೇ, ಓಡುತ್ತಿರುವಾಗಲೇ ಒಂದು ಡಿಸ್ಕ್ ಹೊರಗೆಳೆಯುತ್ತೇವೆ. ಎಚ್ಚರಿಕೆಯ ಸಂದೇಶ ಯಾರ ಫೋನಿಗೆ ಬಂತು, ಎಷ್ಟು ನಿಮಿಷಕ್ಕೆ ಬಂತು ಎಂದು ಬರೆದುಕೊಳ್ಳುತ್ತೇವೆ. ಒಂದು ಫೋಲ್ಡರ್ ಅಳಿಸಿ ಬ್ಯಾಕಪ್‌ನಿಂದ ತರುತ್ತೇವೆ. ದಿನವೂ ಆ ಫೋಲ್ಡರಿನಲ್ಲಿ ಕೆಲಸ ಮಾಡುವವರೇ ಫೈಲ್ ತೆರೆದು ಸರಿ ಇದೆಯಾ ನೋಡಬೇಕು. ಇಂಟರ್ನೆಟ್ ಲೈನ್ ಕಿತ್ತು ಎರಡನೇ ಲೈನ್ ಹಿಡಿಯುತ್ತದಾ ನೋಡುತ್ತೇವೆ. ಫೈರ್‌ವಾಲ್‌ನ ಸೆಟ್ಟಿಂಗ್ ಫೈಲಿನ ಪ್ರತಿಯನ್ನು ಬೇರೆ ಕಡೆ ಇಟ್ಟು, ಅದರಿಂದ ಮತ್ತೆ ಚಾಲೂ ಮಾಡಿಸುತ್ತೇವೆ. ಹಿಡಿದ ಗಂಟೆಗಳನ್ನು ಮೊದಲ ದಿನ ಮಾಲೀಕರು ಹೇಳಿದ ಗಂಟೆಗಳ ಪಕ್ಕ ಬರೆಯುತ್ತೇವೆ. ಹೊಂದದಿದ್ದರೆ ಕೆಲಸ ಬಾಕಿ ಇದೆ. ಹೊಂದಿದರೆ ಸಹಿ. ಆಮೇಲೆ ಡಬ್ಬಿಯ ಮುಂದೆ ಒಂದು ಚೀಟಿ ಅಂಟಿಸುತ್ತೇವೆ. ಸಪೋರ್ಟ್ ಮುಗಿಯುವ ತಾರೀಕು, ಮುಂದಿನ ಪರೀಕ್ಷೆಯ ತಾರೀಕು, ಅದನ್ನು ಮಾಡಬೇಕಾದವರ ಹೆಸರು.